ಸೋಸಿದ್ದನ್ನು ಎಲ್ಲಿ ಬಿಡುವುದು

ಆ ದಿನ ಮುಂಜಾನೆಯೂ ನಮ್ಮತ್ತೆ ನನಗಿಂತ ಮೊದಲೇ ಎದ್ದು ಬಾವಿಯ ಕಟ್ಟೆಗೆ ಹೋಗಿದ್ದರು. ಮಿರಜಿಗೆ ಹೋಗುವ ದಿನ, ಜೀಪು ಬೇಗ ಬರುತ್ತದೆ, ನೀರಿನ ಕೆಲಸ ನನಗೆ ಬಿಡಿರಿ ಎಂದು ಹಿಂದಿನ ಸಂಜೆಯೇ ಹೇಳಿದ್ದೆ. "ಹ್ಞೂಂ" ಅಂದಿದ್ದರು. ಅವರ ಹ್ಞೂಂಗೆ ಒಪ್ಪಿಗೆ ಎಂಬ ಅರ್ಥ ಯಾವತ್ತೂ ಇರಲಿಲ್ಲ. ನೀ ಹೇಳಿದ್ದು ಕೇಳಿಸಿತು ಎಂದಷ್ಟೇ.

ಕಾಗವಾಡದ ನಮ್ಮ ಮನೆಗೆ ನಳ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೂ ಕುಡಿಯಲು, ಅಡಿಗೆಗೆ ಹಿತ್ತಲಿನ ಬಾವಿಯ ನೀರೇ ಆಗಬೇಕು, ಅದೂ ಸೋಸಿದ್ದೇ ಆಗಬೇಕು. ನನ್ನ ತವರಿನವರೂ ಜೈನರೇ. ಆದರೆ ಬೆಳಗಾವಿ ಪೇಟೆಯ ಆ ಮನೆಯಲ್ಲಿ ನಳದ ಮೂತಿಗೊಂದು ಅರಿವೆ ಕಟ್ಟಿದರೆ ಧರ್ಮದ ಕೆಲಸ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಕೊಡದ ಬಾಯಿಗೆ ದಪ್ಪ ಖಾದಿಯ ಅರಿವೆಯನ್ನು ಎರಡು ಮಡಿಕೆ ಮಾಡಿ ಹಾಸಬೇಕು, ನಡುವೆ ಚೂರು ತಗ್ಗಾಗುವಂತೆ ಬೆರಳಿಂದ ಒತ್ತಬೇಕು, ಧಾರೆ ಸಣ್ಣಗಿಟ್ಟು ನೀರು ಹಾಕಬೇಕು. ಕೊಡ ತುಂಬಿದ ಮೇಲೆ ನಿಜವಾದ ಕೆಲಸ. ಅರಿವೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಬೆನ್ನಿನ ಮೇಲೆ ಹಾಕಿ, ಅದರಲ್ಲಿ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಸಣ್ಣ ತಾಮ್ರದ ಬಕೀಟಿಗೆ ಇಳಿಸಬೇಕು. ಆ ನೀರಿಗೆ ಜೀವಾಣಿ ಅನ್ನುತ್ತಾರೆ. ಅದನ್ನು ಮತ್ತೆ ಅದೇ ಬಾವಿಗೆ ಬಿಡಬೇಕು. ಮೇಲಿಂದ ಚೆಲ್ಲುವಂತಿಲ್ಲ, ಪೆಟ್ಟಾಗುತ್ತದೆ. ಅದಕ್ಕೆಂದೇ ಆ ಬಕೀಟಿನ ತಳಕ್ಕೂ ಒಂದು ಬಳೆ ಇತ್ತು, ಬಳೆಗೊಂದು ತೆಳ್ಳನೆಯ ಹಗ್ಗ. ಬಕೀಟನ್ನು ನೆಟ್ಟಗೆ ನೀರಿನ ಮಟ್ಟದವರೆಗೆ ಇಳಿಸಿ, ತಳದ ಹಗ್ಗವನ್ನು ಮೆಲ್ಲಗೆ ಎಳೆದರೆ ಅದು ಮಲಗಿ, ಒಳಗಿದ್ದದ್ದು ಸದ್ದಿಲ್ಲದೆ ಬಾವಿಗೆ ಸೇರುತ್ತಿತ್ತು.

"ಅವರವರ ಮನಿಗಿ ಅವರನ್ನ ಮುಟ್ಟಿಸಬೇಕವಾ," ಎಂದು ನಾನು ಹೊಸದಾಗಿ ಬಂದಾಗ ಅತ್ತೆ ಹೇಳಿಕೊಟ್ಟಿದ್ದರು. "ನಮಗ ನೀರ ಬೇಕಾಗಿತ್ತು. ಅವರನ್ನ ಯಾರು ಕರದಿದ್ರು?"

ಬಾವಿ ಅರ್ಧ ನಮ್ಮದು, ಅರ್ಧ ನಾವು ಚಿಕ್ಕಮ್ಮನಂತೆ ಕಾಕು ಎಂದು ಕರೆಯುವ ಪಕ್ಕದ ಮನೆಯವಳದು. ಹಿತ್ತಲಿನ ಮೋಟು ಗೋಡೆ ಬಾವಿಯ ಕಟ್ಟೆಗೇ ಬಂದು ನಿಲ್ಲುತ್ತಿತ್ತು. ಆ ಕಡೆ ಕಾಕು ಹಲ್ಲಿಗೆ ಸುಟ್ಟ ತಂಬಾಕಿನ ಮಶೇರಿ ತಿಕ್ಕುತ್ತ, ಎಮ್ಮೆಯ ಮುಸುಡಿಗೆ ಬೈಯುತ್ತ, ನಮ್ಮತ್ತೆಯ ಈ ಕೆಲಸವನ್ನು ದಿನಾ ನೋಡುತ್ತಿದ್ದಳು. ಬಾಯಲ್ಲಿ ಕರೀ ಪುಡಿ ತುಂಬಿಕೊಂಡೇ ಕೆಣಕುತ್ತಿದ್ದಳು: "ಅಕ್ಕಾರ, ಇವತ್ತ ಎಷ್ಟ ಮಂದೀನ ಮನೀ ಮುಟ್ಟಿಸಿದ್ರಿ? ಬಸ್ಸಿನ ಕಂಡಕ್ಟರ ಆಗಬೇಕಿತ್ತ ನೀವು!" ಅತ್ತೆ ನಗುತ್ತಿರಲಿಲ್ಲ, ಸಿಟ್ಟೂ ಆಗುತ್ತಿರಲಿಲ್ಲ. "ತಿಕೀಟ ಇಲ್ಲಾ ಬಿಡ ಅವಕ್ಕ," ಎಂದು ಹಗ್ಗ ಎಳೆಯುತ್ತಿದ್ದರು.

ಅತ್ತೆಯ ರೋಗ ನನಗೆ ತಿಳಿದದ್ದು ಅವರು ಹೇಳಿ ಅಲ್ಲ. ಹೇಳುವವರಲ್ಲ. ಬೆಳಕು ಹರಿಯುವ ಮೊದಲೇ ಒಗೆದು ಹಾಕಿದ ಸೀರೆಗಳು ತಂತಿಯ ಮೇಲೆ ಕಾಣತೊಡಗಿದವು. ದಾಳಿಂಬೆ ತಂದರೆ ಸಿಪ್ಪೆಯನ್ನು ಎಸೆಯದೆ ಮಾಳಿಗೆಯ ಮೇಲೆ ಒಣಗಿಸುತ್ತಿದ್ದರು, ಆಮೇಲೆ ಅದನ್ನು ಭೇದಿಯ ಮದ್ದಿನಂತೆ ಕುದಿಸಿ ಕುಡಿಯುತ್ತಿದ್ದರು. ಬಸದಿಗೆ ಹೋಗುವುದು ಕಡಿಮೆಯಾಯಿತು. ಬಳೆ ಮೊಣಕೈಯತನಕ ಜಾರತೊಡಗಿದಾಗ ನಾನೇ ಒಂದು ದಿನ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದೆ. "ರಕ್ತ ಹೋಗತೈತಿ," ಎಂದರು, ಹಾಲು ಉಕ್ಕಿತು ಅನ್ನುವ ಹಾಗೆ.

ಮಿರಜಿನ ದವಾಖಾನೆಯಲ್ಲಿ ದೊಡ್ಡ ಕರುಳಿನ ಒಳಗೋಡೆಯ ತುಂಬ ಹುಣ್ಣು ಎಂದರು. ಗುಳಿಗೆ ಕೊಟ್ಟರು. ಒಂದೊಂದು ಗುಳಿಗೆ ಕೆಲವು ತಿಂಗಳು ನಡೆಯುವುದು, ಮತ್ತೆ ಕೈಬಿಡುವುದು. ಕಡೆಗೆ ಕೊಟ್ಟ ಗುಳಿಗೆಯಿಂದ ಮುಖ ಊದಿಕೊಂಡು, ರಕ್ತದಲ್ಲಿ ಸಕ್ಕರೆ ಏರಿ, ನಿಂತರೆ ಕಾಲು ನಡುಗತೊಡಗಿತು. ಗುಳಿಗೆ ಇಳಿಸಿದರೆ ರಕ್ತ, ಏರಿಸಿದರೆ ಇದು. ನಡುವೆ ಅತ್ತೆ ದಿನದಿನಕ್ಕೂ ಹಗುರಾಗುತ್ತಿದ್ದರು. ನಾನು ಅವರನ್ನು ಬಚ್ಚಲಿನಿಂದ ಎತ್ತಿ ನಿಲ್ಲಿಸುವಾಗ ನನ್ನ ಕೈಗೆ ಅದು ಗೊತ್ತಾಗುತ್ತಿತ್ತು. ನಮ್ಮ ಮನೆಯವರಿಗೆ, ಅತ್ತೆಯ ಮಗನಿಗೆ, ನಾನು ಅದನ್ನು ಹೇಳಿರಲಿಲ್ಲ. ಅವರಿಗೂ ಗೊತ್ತಿತ್ತು, ಅವರೂ ನನಗೆ ಹೇಳಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲಕ್ಕೆ ಅದೇ ದವಾಖಾನೆಗೆ ಜಪಾನಿನಲ್ಲಿ ಕಲಿತು ಬಂದ ಒಬ್ಬ ಡಾಕ್ಟರು ಸೇರಿದ್ದರು. ಮಾತೃಭಾಷೆ ಮರಾಠಿ, ಆದರೆ ನಮ್ಮ ಕಡೆಯ ಪೇಶಂಟುಗಳಿಂದಲೇ ಕಲಿತ ಕನ್ನಡ ಅವರ ಬಾಯಲ್ಲಿ ಚೆನ್ನಾಗಿ ಆಡುತ್ತಿತ್ತು. ಹಿಂದಿನ ವಾರ ಅತ್ತೆಯ ಮಂಚದ ಅಂಚಿಗೆ ಕೂತು ಹೇಳಿದ್ದರು:

"ಆಜಿ, ನಿಮ್ಮ ರಕ್ತದಾಗ ಬಿಳೀ ಕಣ ಇರ್ತಾವ. ಮೈ ಕಾಯೂದು ಅವುಗಳ ಕೆಲಸ. ದ್ರಾಕ್ಷಿ ತ್ವಾಟದಾಗ ಹಕ್ಕಿ ಹೊಡ್ಯಾಕ ಕವಣಿ ಕೊಟ್ಟು ಆಳು ನಿಲ್ಲಸ್ತೀರಲ್ಲ, ಹಂಗ. ಈಗ ಏನಾಗೇತಿ ಅಂದ್ರ, ಹಕ್ಕಿ ಹೋದ್ರೂ ಇವರು ಕವಣಿ ಬೀಸೂದ ಬಿಡವಲ್ರು. ಕಲ್ಲು ಗೊನಿಗೇ ಬೀಳಾಕತ್ತಾವ. ನಿಮ್ಮ ಕರಳಿನ ಹುಣ್ಣು ಅದ."

"ಅವಕ್ಕ ತಿಳಿಸಿ ಹೇಳೂ ಔಷಧ ಇಲ್ಲೇನ್ರಿ?" ಎಂದು ಕೇಳಿದರು ಅತ್ತೆ.

"ಗುಳಿಗಿ ಅಂದ್ರ ಅದ ಆಜಿ. ಎಷ್ಟ ತಿಳಿಸಿ ಹೇಳಿದ್ರೂ ಕೇಳವಲ್ಲವು. ಅದಕ್ಕ ಈಗ ಒಂದ ಕೈಯಿಂದ ರಕ್ತ ತಗದು, ಸೋಸಿ, ಇನ್ನೊಂದ ಕೈಗೆ ತಿರಗಿ ಬಿಡೂದು. ಕೆರಳಿದ ಕಣ ಸೋಸಣಿಗ್ಯಾಗ ಅಂಟಿ ಕೂಡ್ತಾವ. ಉಳಿದ ರಕ್ತ ನಿಮ್ಮದು ನಿಮಗ." ಇದು ಹೊಸದು, ಎಲ್ಲರಿಗೂ ಹತ್ತುತ್ತದೆಂದು ಹೇಳಲಾರೆ, ವಾರಕ್ಕೊಮ್ಮೆಯಂತೆ ಕೆಲವು ಸಲ ಬರಬೇಕು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಅತ್ತೆ ತಕ್ಷಣ ಒಪ್ಪಿದ್ದು ಕಂಡು ನಮಗೆಲ್ಲ ಆಶ್ಚರ್ಯ. ಸೋಸುವುದು ಎಂಬ ಮಾತು ಅವರಿಗೆ ಪರಿಚಯದ್ದು. ಮನೆಗೆ ಬಂದ ಮೇಲೆ ಕಾಕುವಿಗೂ ಗೋಡೆಯ ಮೇಲಿಂದ ಹೇಳಿದರು: "ನಾವು ನೀರಿಗಿ ಮಾಡೂದನ್ನ ಅವರು ರಕ್ತಕ್ಕ ಮಾಡ್ತಾರ. ಅಷ್ಟ."

ಆ ಮುಂಜಾನೆ ನಾನು ಹಿತ್ತಲಿಗೆ ಹೋದಾಗ ಕೊಡ ತುಂಬಿತ್ತು. ಅತ್ತೆ ಅರಿವೆ ತಿರುವಿ ಹಾಕಿ ಮುಗಿಸಿ, ಜೀವಾಣಿಯ ಬಕೀಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಇಳಿಸುತ್ತಿರಲಿಲ್ಲ. ಸೆರಗಿನ ತುದಿ ಒದ್ದೆಯಾಗಿ ಮೊಣಕಾಲಿಗೆ ಅಂಟಿತ್ತು.

"ಕೊಡ್ರಿ, ನಾ ಬಿಡ್ತೀನಿ," ಅಂದೆ.

"ಅಲ್ಲವಾ," ಅಂದರು ಬಕೀಟನ್ನೇ ನೋಡುತ್ತ, "ಅವನ್ನ ಎಲ್ಲಿ ಬಿಡ್ತಾರ?"

"ಯಾವನ್ನ್ರಿ?"

"ನನ್ನ ರಕ್ತದಾಗಿಂದ ಸೋಸಿ ತಗದಿದ್ದನ್ನ. ಆ ಬಿಳೀ ಕಣ ಅಂದ್ರಲ್ಲ. ಅವೂ ಜೀವಂತ ಇರತಾವಲ್ಲ? ಸೋಸಣಿಗ್ಯಾಗ ಕೂತವನ್ನ ಆಮ್ಯಾಲ ಎಲ್ಲಿ ಬಿಡ್ತಾರ?"

ಕಾನ್ವೆಂಟಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಸಿಸ್ಟರ್ ಕರಿಹಲಗೆಯ ಮೇಲೆ ಬಿಳಿ ರಕ್ತಕಣವನ್ನು ನೀಲಿ ಬಳಪದಿಂದ ಬರೆದಿದ್ದರು. ಬಿಳಿಯದನ್ನು ನೀಲಿಯಲ್ಲಿ ಯಾಕೆ ಬರೆದರು ಎಂದು ನಾನು ಆ ಪಾಠವಿಡೀ ಯೋಚಿಸಿದ್ದೆ. ಆ ಹಲಗೆಯೇ ಈಗ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ನಮ್ಮ ಮನೆಯವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಬಂದರು. ಮಾತು ಕೇಳಿಸಿಕೊಂಡಿದ್ದರು.

"ತಿರಗಿ ಬಿಡ್ತಾರವ್ವಾ. ಎಲ್ಲಾ ಬರೋಬರಿ ಮಾಡ್ತಾರ. ನಡಿ ನೀ."

"ಎಲ್ಲಿ ತಿರಗಿ? ನನ್ನ ಮೈಯಾಗ ಬಿಟ್ರ ಸೋಸಿದ್ದ್ಯಾಕ?"

ಮನೆಯವರು ನನ್ನ ಮುಖ ನೋಡಿದರು. ನಾನು ಕೊಡದ ಮುಚ್ಚಳ ಸರಿಮಾಡಿದೆ. ಬಾಗಿಲಲ್ಲಿ ಜೀಪು ಹಾರ್ನ್ ಹೊಡೆಯಿತು. ಒಂದು ಸಲ, ಮತ್ತೊಂದು ಸಲ. ಮನೆಯವರು ತಾಯಿಯ ತೋಳಿಗೆ ಕೈ ಹಾಕಿದರು, ನಾನು ಸೆರಗು ಹಿಂಡಿದೆ, ಅತ್ತೆ ಕೈಯಲ್ಲಿದ್ದುದನ್ನು ಕಟ್ಟೆಯ ಮೇಲಿಟ್ಟು ನಡೆದರು.

ಗಡಿ ದಾಟಿ, ರಸ್ತೆಯ ಹಲಗೆಗಳು ಮರಾಠಿಗೆ ತಿರುಗಿದ ಮೇಲೆ ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಬಕೀಟ," ಅಂದರು.

ಜೀವಾಣಿ ಬಿಡದೆ ಹಾಗೇ ಉಳಿದಿತ್ತು. ಕಟ್ಟೆಯ ಮೇಲೆ ಹೊತ್ತೇರಿದ ಮೇಲೆ ನೆರಳಿರುವುದಿಲ್ಲ. ತಾಮ್ರ ಬಲು ಬೇಗ ಕಾಯುತ್ತದೆ.

"ಗಾಡಿ ಹೊಳ್ಳಸ್ಲೇನು?" ಎಂದು ಡ್ರೈವರ್ ಕೇಳಿದ. ಮನೆಯವರು ಬೇಡವೆಂದು ಕೈ ಆಡಿಸಿದರು. ದವಾಖಾನೆಯಲ್ಲಿ ನಮಗೆ ಕೊಟ್ಟ ಹೊತ್ತು ತಪ್ಪಿದರೆ ಮುಂದಿನ ವಾರದ ಮಾತು. ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು. ಕಬ್ಬಿನ ಗಾಡಿಗಳನ್ನು ದಾಟುವಾಗೆಲ್ಲ ಎತ್ತುಗಳನ್ನು ನೋಡಿ ಮರುಕದಿಂದ ತುಟಿ ಅಲ್ಲಾಡಿಸುವುದು ಅವರ ರೂಢಿ. ಆ ದಿನ ಅದನ್ನೂ ಮಾಡಲಿಲ್ಲ.

ಯಂತ್ರವಿದ್ದ ಕೋಣೆ ಸಣ್ಣದು, ತಂಪು. ಗಾಡಿಯಂಥ ಒಂದು ಕಬ್ಬಿಣದ ಚೌಕಟ್ಟಿಗೆ ಪಂಪು, ನಳಿಗೆಗಳು. ಪಕ್ಕಕ್ಕೆ ಗಾಜಿನಂತೆ ಹೊಳೆಯುವ, ಮೊಳದಷ್ಟೂ ಇಲ್ಲದ ಒಂದು ಕೊಳವೆ ನೆಟ್ಟಗೆ ನಿಂತಿತ್ತು. ಅದರ ತುಂಬ ಬಿಳಿಯ ಸಣ್ಣ ಮಣಿಗಳು, ಹಸಿ ಸಾಬುದಾಣಿಯ ಹಾಗೆ. ಕೆರಳಿದ ಕಣಗಳು ಈ ಮಣಿಗಳಿಗೆ ಅಂಟಿಕೊಳ್ಳುತ್ತವೆ, ಕೆಂಪು ಕಣಗಳು ಜಾರಿ ಮುಂದೆ ಹೋಗುತ್ತವೆ ಎಂದು ಡಾಕ್ಟರು ತೋರಿಸಿದರು.

"ಇದರಾಗ ಎಲಬು, ಚರ್ಮ ಏನೂ ಇಲ್ಲಲ್ಲ?" ಎಂದರು ಅತ್ತೆ.

"ಇಲ್ಲ ಆಜಿ. ಗಿಡದ ನಾರಿನಿಂದ ಮಾಡಿದ ಮಣಿ."

"ಅಂಟಿದವನ್ನ ಆಮ್ಯಾಲ ಎಲ್ಲಿ ಬಿಡ್ತೀರಿ?"

ಮನೆಯವರು ಕೆಮ್ಮಿದರು. ಡಾಕ್ಟರಿಗೆ ಆ ಕೆಮ್ಮು ಅರ್ಥವಾಗಲಿಲ್ಲ, ಅಥವಾ ಅರ್ಥವಾದರೂ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಬಿಡಾಂಗಿಲ್ಲ," ಅಂದರು. "ಕೊಳವಿ ಸಮೇತ ತಗದು ಸುಡ್ತೀವಿ."

ಅತ್ತೆ ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತು, ಇನ್ನೊಂದನ್ನು ಹೆಬ್ಬೆರಳಿನಿಂದ ಹುಡುಕತೊಡಗಿದರು.

"ಅವ್ವಾ, ಏನ್ ಹಚ್ಚೀ ನೀ? ಹುಳಾ ಅಲ್ಲ ಅವು, ನಿನ್ನ ರಕ್ತಾನ ಅದು!" ಮನೆಯವರ ದನಿ ಏರಿತು. ಏರಿದ ದನಿ ನಡುವೆ ಒಡೆಯಿತು. ತಾಯಿಯ ಎದುರು ಅವರ ದನಿ ಹಾಗೆ ಒಡೆದದ್ದು ನಾನು ಕಂಡದ್ದು ಅದೊಂದೇ ಸಲ. ಅವರು ಗೋಡೆಯ ಕಡೆ ತಿರುಗಿ ಕರವಸ್ತ್ರ ಹುಡುಕಿದರು. ನಾನು ಇಸ್ತ್ರಿ ಮಾಡಿ ಮಡಚಿ ಇಟ್ಟದ್ದು ಅವರ ಜೇಬಿನಲ್ಲೇ ಇತ್ತು.

ಡಾಕ್ಟರು ಸ್ಟೂಲು ಎಳೆದು ಕೂತರು. "ಆಜಿ, ಅವುಗಳ ಆಯುಷ್ಯ ಬಾಳ ಸಣ್ಣದು. ನಾವು ಹಿಡೀಲಿಲ್ಲಂದ್ರೂ ಇವತ್ತ ನಾಳೆ ತಾವ ಸಾಯ್ತಾವ. ಮೈ ಹೊಸಾವು ಹುಟ್ಟಸತೈತಿ."

ನನಗೂ ಸಿಸ್ಟರ್ ಹೇಳಿದ್ದು ನೆನಪಾಗಿ ಹೇಳಿದೆ: "ಹೌದ್ರಿ ಅತ್ತೀ. ಗಾಯದಾಗಿನ ಕೀವು ಅಂದ್ರ ಸತ್ತ ಬಿಳೀ ಕಣಾನ ಅಂತ ನಮಗ ಸಾಲ್ಯಾಗ ಕಲಿಸಿದ್ರು. ನಮ್ಮ ಸಲುವಾಗಿ ಸತ್ತಾವು, ಅಸಹ್ಯ ಪಡಬ್ಯಾಡ್ರಿ ಅಂತಿದ್ರು."

ಅತ್ತೆ ಕಾಲಾಡಿಸುವುದು ನಿಂತಿತು. "ಚಲೋ ಮಾತ ಹೇಳ್ಯಾರ," ಅಂದರು. "ಆದ್ರ ತಾವ ಸಾಯೂದು ಬ್ಯಾರೆ, ನಾವು ಹಿಡದ ಸುಡೂದು ಬ್ಯಾರೆ ಅಲ್ಲೇನವಾ? ನೀರಾಗಿನವೂ ಸಣ್ಣ ಆಯುಷ್ಯದವ. ಹಂಗಂತ ಸೋಸಿ ಒಲಿಯಾಗ ಹಾಕ್ತೀವೇನು?"

ಚೌಕಟ್ಟಿನ ಮೇಲಿನ ಪುಟ್ಟ ಹಸಿರು ದೀಪ ಉರಿಯುತ್ತಲೇ ಇತ್ತು. ಆ ದೀಪ ಆರಿಸಿ ನಾವು ಮನೆಗೆ ಹೋದರೆ ಮುಂದೇನು ಎಂಬುದು ಆ ಕೋಣೆಯಲ್ಲಿ ಅತ್ತೆಯೂ ಸೇರಿ ಎಲ್ಲರಿಗೂ ಗೊತ್ತಿತ್ತು.

"ನಾ ನಿಮ್ಮ ಬದಲಿ ಉಪವಾಸ ಮಾಡ್ತೀನ್ರಿ," ಅಂದೆ. ನಮ್ಮಲ್ಲಿ ಗೊತ್ತಿದ್ದೂ ಜೀವಕ್ಕೆ ನೋವು ಮಾಡಿದರೆ ಉಪವಾಸ ಹಿಡಿದು ಆ ಪಾಪ ಕಳೆದುಕೊಳ್ಳುತ್ತಾರೆ. ಅತ್ತೆಗೆ ಡಾಕ್ಟರು ಉಪವಾಸ ಬಿಡಿಸಿ ಬಹಳ ಕಾಲವಾಗಿತ್ತು. ಅವರಿಗೆ ರೋಗಕ್ಕಿಂತ ಹೆಚ್ಚು ನೋವಾದದ್ದೇ ಅದರಿಂದ.

"ನೀ ಉಂಡ್ರ ನನ್ನ ಹೊಟ್ಟಿ ತುಂಬತೈತೇನು? ಹಂಗ ಇದೂ. ಅವರವರದ ಅವರವರಿಗೆ." ಹಾಗೆಂದರೂ ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತು ನನ್ನ ಉಂಗುರವನ್ನು ತಿರುಗಿಸುತ್ತ ಕೂತರು. ಆಮೇಲೆ ಡಾಕ್ಟರನ್ನು ನೋಡಿ, "ಇದರಿಂದ ನನಗ ಮೈಯಾಗ ಬಲಾ ಬರತೈತೇನ್ರಿ?" ಎಂದರು.

"ಬರಬಹುದು ಆಜಿ. ಖಾತ್ರಿ ಕೊಡಾಂಗಿಲ್ಲ."

"ಉಪವಾಸ ಮಾಡೂವಷ್ಟು?"

ಡಾಕ್ಟರು ಮೊದಲು ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಬಿಡಿಸಿ ಹೇಳಿದೆ: ಗುಣವಾದ ಮೇಲೆ ಗುಣವಾದದ್ದಕ್ಕೇ ಪ್ರಾಯಶ್ಚಿತ್ತ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರ, ನಾ ಇವರನ್ನ ಆರಾಮ ಮಾಡಬೇಕು, ಇವರು ಉಪವಾಸ ಬಿದ್ದು ತಿರಗಿ ನನ್ನ ಕಡೆ ಬರಬೇಕು. ನಂದು ಗಿರಾಕಿ ತಪ್ಪೂದಿಲ್ಲ ಬಿಡ್ರಿ."

"ತಿರಗಿ ಬರಾಂಗಿಲ್ಲ. ಉಪವಾಸದಿಂದ ಯಾರೂ ಕೆಟ್ಟಿಲ್ಲ," ಎಂದು ಅತ್ತೆ ಚಪ್ಪಲಿಯಿದ್ದ ಕಾಲನ್ನೂ ಮೇಲಕ್ಕೆಳೆದು ಮಲಗಿದರು. "ಹಚ್ರಿ. ಸಾಲಾ ಇಟ್ಕೊಂಡು ಸಾಯಾಂಗಿಲ್ಲ ನಾ. ತೀರಸಾಕರ ಆರಾಮ ಆಗಬೇಕು."

ಎರಡೂ ಮೊಣಕೈಯ ಒಳಗೆ ಸೂಜಿ. ರಕ್ತ ಹೆಪ್ಪುಗಟ್ಟದಂತೆ ಒಂದು ಔಷಧ. ಪಂಪು ಮೆಲ್ಲಗೆ ತಿರುಗಿತು. ಬಲಗೈಯಿಂದ ಹೊರಟ ರಕ್ತ ನಳಿಗೆಯುದ್ದಕ್ಕೂ ನಡೆದು ಕೊಳವೆಗೆ ಬಂತು, ಬಿಳಿ ಮಣಿಗಳು ತಳದಿಂದ ಮೇಲಕ್ಕೆ ಒಂದೊಂದೇ ಸಾಲು ಕೆಂಪಾದವು, ಮೇಲಿನ ತುದಿಯಿಂದ ರಕ್ತ ಹೊರಟು ಎಡಗೈಗೆ ಮರಳಿತು. ನೋಡಲು ಏನೂ ಬದಲಾದಂತೆ ಕಾಣಲಿಲ್ಲ. ಹೋದ ಬಣ್ಣವೇ ಬಂದ ಬಣ್ಣ.

ಕೈ ಮಡಚುವಂತಿಲ್ಲದ್ದರಿಂದ ಅತ್ತೆಗೆ ಜಪಮಣಿ ಹಿಡಿಯಲಾಗಲಿಲ್ಲ. ಅವರು ಬಾಯಲ್ಲಿ ಮಂತ್ರ ಅಂದರು, ನಾನು ಮಣಿ ಎಳೆದೆ. ನಡುನಡುವೆ "ಹಣಿ" ಅನ್ನುವರು, ನಾನು ಹಣೆ ಕೆರೆಯುವೆ. "ಅಲ್ಲಲ್ಲ, ಮ್ಯಾಲ." ಮನೆಯವರು ಕಾಲ ಬಳಿ ನಿಂತು, ಹೊದಿಕೆಯ ಹೊರಗಿದ್ದ ತಾಯಿಯ ಹೆಬ್ಬೆರಳನ್ನು ಹಿಡಿದುಕೊಂಡೇ ಇದ್ದರು. ಅವರಿಗೆ ಹಿಡಿದಿದ್ದೇನೆಂಬ ಎಚ್ಚರವಿತ್ತೋ ಇಲ್ಲವೋ.

ಮುಗಿಯುವ ಹೊತ್ತಿಗೆ ಡಾಕ್ಟರು ಉಪ್ಪುನೀರಿನ ಬಾಟಲಿ ಜೋಡಿಸಿದರು. ಕೊಳವೆಯಲ್ಲಿ ಉಳಿದ ರಕ್ತವೂ ಸೋರಿ ಹೋಗಬಾರದು, ಅದನ್ನು ತೊಳೆದು ಮೈಗೆ ಮರಳಿಸುತ್ತೇವೆ ಎಂದರು. ತಿಳಿನೀರು ಹಿಂದಿನಿಂದ ತಳ್ಳಿದಂತೆ ನಳಿಗೆಯ ಕೆಂಪು ಗುಲಾಬಿಯಾಯಿತು, ಗುಲಾಬಿ ತಿಳಿಯಾಯಿತು.

"ಕೆಲವು ಕಣ ಮಣಿ ಬಿಟ್ಟು ಇದರ ಕೂಡ ತಿರಗಿ ಬರತಾವ ಆಜಿ," ಎಂದರು ಡಾಕ್ಟರು. "ಆದ್ರ ಮದಲಿನ ಸಿಟ್ಟು ಇರಾಂಗಿಲ್ಲ ಅವಕ್ಕ."

ಅತ್ತೆ ಕುತ್ತಿಗೆ ಎತ್ತಿ ನೋಡಿದರು. "ಅರಿವಿ ತಿರುವಿ ಹಾಕಿದಂಗ," ಎಂದು ನನಗಷ್ಟೇ ಕೇಳುವಂತೆ ಹೇಳಿದರು.

ಮುಂದಿನ ವಾರಗಳಲ್ಲಿ ಮತ್ತೆ ಹೋದೆವು. ಒಮ್ಮೆಲೇ ಏನೂ ಆಗಲಿಲ್ಲ. ಮೊದಲು ಆಗಾಗ ಬರುತ್ತಿದ್ದ ಜ್ವರ ನಿಂತಿತು, ಆಮೇಲೆ ರಾತ್ರಿ ಏಳುವುದು ಕಡಿಮೆಯಾಯಿತು. ತಂತಿಯ ಮೇಲೆ ಹೊತ್ತಿಲ್ಲದ ಹೊತ್ತಿನಲ್ಲಿ ಒಗೆದ ಸೀರೆ ಕಾಣದ ಒಂದು ಮುಂಜಾನೆ ನಾನು ಅಲ್ಲೇ ನಿಂತು ಬರೀ ತಂತಿಯನ್ನು ನೋಡಿದೆ. ರೋಗ ಪೂರಾ ಹೋಗಲಿಲ್ಲ. ಗುಳಿಗೆಯೂ ಒಂದಿಷ್ಟು ಉಳಿಯಿತು. ಆದರೆ ಮೈ ತಾಳುವಷ್ಟಕ್ಕೆ ಇಳಿಯಿತು. ಮುಂದಿನ ಭಾದ್ರಪದದಲ್ಲಿ ಅತ್ತೆ ತಮ್ಮ ಉಪವಾಸ ಮಾಡಿಯೇ ಮಾಡಿದರು. ಡಾಕ್ಟರಿಗೆ ಹೇಳಬೇಡವೆಂದು ನನಗೆ ತಾಕೀತು ಮಾಡಿ, ಮುಂದಿನ ಸಲ ಹೋದಾಗ ತಾವೇ ಹೇಳಿದರು.

ಆ ಮೊದಲ ದಿನ ನಾವು ಮರಳಿ ಬಂದಾಗ ಹೊತ್ತು ಇಳಿದಿತ್ತು. ಸೂರ್ಯ ಮುಳುಗುವ ಮೊದಲು ಊಟವಾಗಬೇಕೆಂದು ನಾನು ಸೀದಾ ಒಲೆಯ ಮುಂದೆ ಹೋದೆ. ಮೆತ್ತನೆಯ ಅನ್ನ, ಮಜ್ಜಿಗೆ. ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು ಹಿಂದಿನ ಪಡಸಾಲೆಯ ಮಂಚದ ಮೇಲೆ ಕೂತ ಅತ್ತೆಗೆ ನಾನೇ ತುತ್ತು ಕೊಟ್ಟೆ. ಮೂರು ತುತ್ತಾಗಿತ್ತೇನೋ, ನನ್ನ ಕೈ ತಡೆದರು.

"ಮದಲ ಅದನ್ನ ನೋಡಿ ಬಾ."

ತಟ್ಟೆ ಕೆಳಗಿಟ್ಟು ಬಾವಿಗೆ ಹೋದೆ. ತಾಮ್ರದ ಬಕೀಟು ಕಟ್ಟೆಯ ಮೇಲೆ ಬೋರಲಾಗಿತ್ತು. ಎತ್ತಿ ನೋಡಿದೆ, ಒಳಗೆ ಒಣ. ಬೆರಳಾಡಿಸಿದರೆ ಬೆಚ್ಚಗಿತ್ತು. ಕಾಗೆ ಉರುಳಿಸಿತೋ, ಬಿಸಿಲೇ ಕುಡಿಯಿತೋ. ಪಡಸಾಲೆಯಿಂದ ಅತ್ತೆ, "ಏನಾಗೈತ್ಯವಾ?" ಎಂದು ಕೂಗಿದರು. ಬೆಳಿಗ್ಗೆಯಿಂದ ಆ ಹೆಂಗಸು ಎಷ್ಟೊಂದು ಲೆಕ್ಕ ತಮ್ಮ ತಲೆಗೆ ಕಟ್ಟಿಕೊಂಡಿದ್ದಾರೆ, ಇದನ್ನೂ ಹೇಗೆ ಹೇಳಲಿ ಎಂದು ಬಕೀಟನ್ನು ಸೆರಗಿನಿಂದ ಒರೆಸುತ್ತ ನಿಂತೆ.

ಗೋಡೆಯ ಆ ಕಡೆ ಕಾಕು ಎಮ್ಮೆಯ ಮೈ ತಿಕ್ಕುತ್ತಿದ್ದಳು. ಬಾಯಲ್ಲಿ ಮಶೇರಿ. ಪಿಚಕ್ಕನೆ ಉಗಿದು, ಎಮ್ಮೆಯ ಬೆನ್ನಿನಿಂದ ಕಣ್ಣು ಕೀಳದೆ ಅಂದಳು:

"ಮುಂಜಾನಿ ಬಿಸಲಾಗ ಇಟ್ಟ ಹೋಗಿದ್ರಲ್ಲ, ನಾನ ಇಳಿಸಿ ಬಿಟ್ಟೇನಿ. ಮ್ಯಾಲಿಂದ ಒಗದಿಲ್ಲ ಮತ್ತ, ತಳದ ಹಗ್ಗಾ ಎಳದ ಬಿಟ್ಟೇನಿ ಅಂತ ನಿಮ್ಮತ್ತಿಗಿ ಹೇಳು, ಇಲ್ಲಂದ್ರ ಮುದಕಿ ಉಣ್ಣಾಂಗಿಲ್ಲ. ಮತ್ತ ಒಂದೀಟ ಮಸರಿಗಿ ಹೆಪ್ಪ ಕೊಡು, ನಂದು ಕೆಟ್ಟೈತಿ."